ಕಡಲ ದಂಡೆಯ ಮನೆಯ ತೆರಿಗೆ

ಹೋದ ತಿಂಗಳು ಬೈಲಹೊಂಗಲದಲ್ಲಿ ಗೆಳತಿಯ ಮಗಳು ಹೊಸ ದವಾಖಾನೆ ತೆರೆದಳು. ನಾನು ಧಾರವಾಡದಿಂದ ಬಸ್ಸು ಹತ್ತಿ ಹೋಗಿದ್ದೆ. ಉದ್ಘಾಟನೆಗೆ ಬಂದ ಹಿರಿಯರೊಬ್ಬರು ಮೈಕು ಹಿಡಿದವರು ಬಿಡುವ ಲಕ್ಷಣವೇ ಕಾಣಲಿಲ್ಲ. ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ತೂಕಡಿಸುತ್ತಿದ್ದೆ. ಅಂತೂ ಮಾತು ಮುಗಿದು ದೀಪ ಹಚ್ಚಿದರು. ಒಳಗಿನ ಕೋಣೆಯಿಂದ ಸ್ಪಿರಿಟ್ಟಿನ ವಾಸನೆ, ಮುಂದಿನಿಂದ ಕುಸುಬಿ ಎಣ್ಣೆಯಲ್ಲಿ ಬತ್ತಿ ಉರಿಯುವ ವಾಸನೆ, ಎರಡೂ ಕೂಡಿ ಮೂಗಿಗೆ ಬಡಿದದ್ದೇ ತಡ, ನಿದ್ದೆ ಹಾರಿತು. ಆ ಎರಡು ವಾಸನೆ ಕೂಡಿದ ಮನೆ ನನಗೆ ಗೊತ್ತಿದ್ದದ್ದು ಒಂದೇ, ಅದೇ ಊರಿನ ಡಾಕ್ಟರ್ ಶಾಂತಕ್ಕನ ಮನೆ. ತೊಂಬತ್ತೆಂಟರ ಮಳೆಗಾಲವನ್ನು ನಾನು ಹೆಚ್ಚುಕಡಿಮೆ ಆ ಮನೆಯ ಪಡಸಾಲೆಯಲ್ಲೇ ಕಳೆದೆ.

ಆಗಷ್ಟೇ ಬಿ.ಕಾಂ. ಮುಗಿದಿತ್ತು. ಸಂಪಗಾಂವದಿಂದ ದಿನಾ ಬಸ್ಸಿನಲ್ಲಿ ಬಂದು ಪಟ್ಟಣಶೆಟ್ಟಿ ವಕೀಲರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ವಕೀಲರು ಎಂದರೆ ಕೋರ್ಟಿನಲ್ಲಿ ಕೂಗಾಡುವ ಕರಿಕೋಟಿನವರಲ್ಲ, ತೆರಿಗೆಯ ವಕೀಲರು. ಮಾರ್ಕೆಟ್ ಯಾರ್ಡಿನ ಹತ್ತಿ, ಬೆಲ್ಲ, ಕಾಳುಕಡಿಯ ವ್ಯಾಪಾರಿಗಳೆಲ್ಲ ಅವರ ಗಿರಾಕಿಗಳು. ಒಬ್ಬನಿಗೆ ತೆರಿಗೆಯಲ್ಲಿ ಏನಾದರೂ ಉಳಿಸಿಕೊಟ್ಟ ದಿನ ಅವರ ಮುಖದಲ್ಲಿ ಹಬ್ಬದ ಕಳೆ. ಏನೂ ಉಳಿಯದ ದಿನ ಚಹಾದಲ್ಲಿ ಸಕ್ಕರೆ ಕಡಿಮೆಯಾಗಿದೆ ಎಂದು ನಮ್ಮ ಮೇಲೆ ಹರಿಹಾಯುತ್ತಿದ್ದರು. ಮನುಷ್ಯ ಒಳ್ಳೆಯವರು, ಆದರೆ ಅನುಮಾನ ಅವರ ರಕ್ತದಲ್ಲೇ ಇತ್ತು. ಸ್ವಾರ್ಥವಿಲ್ಲದ ಕೆಲಸವನ್ನು ಯಾರೂ ಮಾಡುವುದಿಲ್ಲ, ಲಾಭವಿಲ್ಲದೆ ಯಾರೂ ಬಾಗಿಲು ತೆರೆಯುವುದಿಲ್ಲ ಎಂದು ಅವರು ನಂಬಿದ್ದರು, ನಮಗೂ ಅದನ್ನೇ ಕಲಿಸುತ್ತಿದ್ದರು.

ಶಾಂತಕ್ಕ ಮತ್ತು ಅವರ ಗಂಡ ಮಲ್ಲಿಕಾರ್ಜುನ ಡಾಕ್ಟರು ಇಬ್ಬರೂ ಇಂಗ್ಲೆಂಡಿನ ಒಂದು ದೊಡ್ಡ ಊರಿನ ಆಸ್ಪತ್ರೆಯಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದವರು. ಮಕ್ಕಳಿರಲಿಲ್ಲ. ಆಸ್ಪತ್ರೆಯ ಊರಿನಲ್ಲಿ ಒಂದು ಮನೆ ಇದ್ದೂ, ವೇಲ್ಸ್ ಎಂಬ ಸೀಮೆಯ ಕಡಲ ದಂಡೆಯಲ್ಲಿ ಇನ್ನೊಂದು ಪುಟ್ಟ ಮನೆ ಕೊಂಡಿದ್ದರು, ಬರೀ ರಜೆಯಲ್ಲಿ ಹೋಗಿ ಇರಲಿಕ್ಕೆ. ಈ ಸುದ್ದಿ ಬೈಲಹೊಂಗಲದ ಓಣಿಗಳಲ್ಲಿ ಎಷ್ಟು ವರ್ಷ ಚರ್ಚೆಯಾಯಿತೋ ದೇವರೇ ಬಲ್ಲ. "ಕೀಲಿ ಹಾಕಾಕಂತ ಯಾರರೆ ಮನಿ ತಗೋತಾರೇನಬೇ?" ಎಂದು ನನ್ನ ಅವ್ವನೇ ಕೇಳಿದ್ದಳು. ನನಗಂತೂ ಆ ಮಾತು ತಲೆಯಲ್ಲಿ ಹಿಡಿಸಲಾರದಷ್ಟು ದೊಡ್ಡದಾಗಿ ಕಂಡಿತ್ತು. ನಮ್ಮ ಮನೆಯಲ್ಲಿ ರಜೆ ಎಂದರೆ ಶೇಂಗಾ ಒಡೆಯುವ ಕಾಲ, ಅದಕ್ಕೊಂದು ಬೇರೆ ಮನೆ, ಅದರ ಕಿಟಕಿಯಲ್ಲಿ ಇಡೀ ಸಮುದ್ರ!

ಮಲ್ಲಿಕಾರ್ಜುನ ಡಾಕ್ಟರು ತೀರಿಕೊಂಡದ್ದು ಆ ಮನೆಯಲ್ಲೇ, ರಜೆಗೆಂದು ಹೋದಾಗ, ಹೃದಯ ನಿಂತು. ಆ ಊರಿನ ಗುಡ್ಡದ ಮೇಲೆ, ಕಡಲು ಕಾಣುವ ಜಾಗದಲ್ಲಿ ಮಣ್ಣು ಮಾಡಿದರು. ಅಲ್ಲಿ ಜಂಗಮರು ಎಲ್ಲಿಂದ ಬರಬೇಕು? ಶಾಂತಕ್ಕನೇ ವಿಭೂತಿ ಹಚ್ಚಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಕಳಿಸಿಕೊಟ್ಟರಂತೆ. ಆಮೇಲೆ ದೊಡ್ಡ ಊರಿನ ಮನೆಯನ್ನು ಮಾರಿ, ಕಡಲ ದಂಡೆಯ ಮನೆಯನ್ನು ಮಾತ್ರ ಉಳಿಸಿಕೊಂಡು, ಬೈಲಹೊಂಗಲದಲ್ಲಿದ್ದ ಅತ್ತೆ ನೀಲವ್ವನ ಹತ್ತಿರ ಬಂದುಬಿಟ್ಟರು. ಮನೆಯ ಮುಂದಿನ ಕೋಣೆಯಲ್ಲಿ ದವಾಖಾನೆ ತೆರೆದರು. ಕೂದಲು ಕತ್ತರಿಸಿಕೊಂಡ ಡಾಕ್ಟರ್ ಬಾಯಾರು ಮಾತಾಡತೊಡಗಿದರೆ ಪಕ್ಕಾ ಹೊಂಗಲದ ಮಾತು ಬರುವುದನ್ನು ಕೇಳಿ ರೋಗಿಗಳು ಅರ್ಧ ಗುಣವಾಗುತ್ತಿದ್ದರು.

ನೀಲವ್ವನಿಗೆ ಎಂಬತ್ತು ದಾಟಿತ್ತು. ಮಗನ ಮಣ್ಣಿಗೆ ಹೋಗಲಾಗಲಿಲ್ಲ ಎನ್ನುವುದೊಂದೇ ಆಕೆಯ ಕೊರಗು. ಬೇರೆ ಯಾವುದರ ಬಗ್ಗೆಯೂ ಗೊಣಗಿದ್ದನ್ನು ನಾನು ಕೇಳಿಲ್ಲ. "ಒಂದ್ ಹಿಡಿ ಮಣ್ಣ ಹಾಕಾಕ ಆಗಲಿಲ್ಲಲ್ಲ ಯವ್ವಾ ನನ್ನ ಕೈಲೆ," ಎನ್ನುತ್ತಿದ್ದಳು. ಆ ವರ್ಷ ಶಾಂತಕ್ಕ ಗಟ್ಟಿ ಮನಸ್ಸು ಮಾಡಿ ಅತ್ತೆಗೆ ಪಾಸ್‌ಪೋರ್ಟ್ ಮಾಡಿಸಿದ್ದರು. ಮಳೆ ಮುಗಿದ ಮೇಲೆ ಇಬ್ಬರೂ ಹೋಗುವುದು ಎಂದು ಗೊತ್ತಾಗಿತ್ತು. ನೀಲವ್ವ ತನ್ನ ಗಂಡನ ಸಮಾಧಿ ಇದ್ದ ಹೊಲದಿಂದ ಎರೆಮಣ್ಣು ತರಿಸಿ, ಬಿಸಿಲು ಬಿದ್ದಾಗೊಮ್ಮೆ ಒಣಗಿಸಿ, ಬಿಳಿ ಅರಿವೆಯಲ್ಲಿ ಕಟ್ಟಿ, ದೇವರ ಜಗಲಿಯ ಹತ್ತಿರ ಇಟ್ಟಿದ್ದಳು. ವಿಮಾನದಲ್ಲಿ ಮಣ್ಣು ಒಯ್ಯಲು ಬಿಡುತ್ತಾರೋ ಇಲ್ಲವೋ ಎಂದು ನನ್ನನ್ನು ಎಷ್ಟು ಸಲ ಕೇಳಿದಳೋ. ವಿಮಾನವನ್ನು ನಾನು ಆಕಾಶದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ, ಆದರೂ ಪ್ರತಿ ಸಲ ಬಿಡುತ್ತಾರೆ ಎಂದೇ ಹೇಳುತ್ತಿದ್ದೆ.

ಮಳೆ ಆ ವರ್ಷ ಹಟಕ್ಕೆ ಬಿದ್ದಿತ್ತು. ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಿಡುತ್ತಿರಲಿಲ್ಲ. ಹೆಸರು ಕಾಯಿ ಗಿಡದಲ್ಲೇ ಮೊಳೆಯುತ್ತದೆಂದು ಅಪ್ಪ ಒದ್ದಾಡುತ್ತಿದ್ದ. ಬಸ್ಸಿನಿಂದ ಇಳಿದು ಆಫೀಸು ಸೇರುವುದರೊಳಗೆ ಎರೆಮಣ್ಣು ಚಪ್ಪಲಿಗೆ ಮೆತ್ತಿ ಮೆತ್ತಿ ನಾನು ಮೂರು ಬೆರಳು ಎತ್ತರವಾಗಿರುತ್ತಿದ್ದೆ. ಅಂಥದೊಂದು ಬೆಳಗ್ಗೆ ಶಾಂತಕ್ಕ ಒದ್ದೆ ಛತ್ರಿಯ ಸಮೇತ ಆಫೀಸಿಗೆ ಬಂದು, ಉದ್ದನೆಯ ಲಕೋಟೆಯೊಂದನ್ನು ವಕೀಲರ ಮುಂದೆ ಇಟ್ಟರು.

"ಸಾಹೇಬ್ರ, ಇದನ್ನೊಂದೀಟ ನೋಡ್ರಿ. ನನಗ ತಿಳೀವಲ್ದು. ನನ್ನ ಮನ್ಯಾಗ ಯಾರೋ ಅದಾರಂತ."

ಕಾಗದ ಆ ಕಡಲೂರಿನ ನಗರಸಭೆಯದು. ಅಲ್ಲಿ ಮನೆಯಿದ್ದವರು ವರ್ಷಕ್ಕೊಂದು ತೆರಿಗೆ ಕಟ್ಟಬೇಕು, ನಮ್ಮ ಮನೆಪಟ್ಟಿಯ ಹಾಗೆ. ಯಾರೂ ಕಾಯಂ ವಾಸವಿಲ್ಲದ ರಜೆಯ ಮನೆಯಾದರೆ ಅರ್ಧ ಕಟ್ಟಿದರೆ ಸಾಕು. ಶಾಂತಕ್ಕ ಅರ್ಧವನ್ನೇ ಕಟ್ಟುತ್ತ ಬಂದಿದ್ದರು. ಈಗ ನಗರಸಭೆಯವರು ಬರೆದದ್ದೇನೆಂದರೆ, ನಮ್ಮ ಅಧಿಕಾರಿ ನೋಡಿದಾಗ ಸಂಜೆ ಮನೆಯ ಬಾಗಿಲು ತೆರೆದಿತ್ತು, ಒಳಗೆ ದೀಪವಿತ್ತು, ಮನೆ ಖಾಲಿಯಿಲ್ಲ ಎಂದು ನೆರೆಯವರೂ ಹೇಳಿದ್ದಾರೆ. ಆದ್ದರಿಂದ ಇನ್ನು ಮುಂದೆ ರಿಯಾಯಿತಿ ಇಲ್ಲ, ಹಿಂದೆ ಕೊಟ್ಟ ರಿಯಾಯಿತಿಯೂ ವಾಪಸು ಬರಬೇಕು. ಅಲ್ಲಿ ಯಾರೂ ವಾಸವಿಲ್ಲ ಎನ್ನುವುದಾದರೆ ಹಾಗೆಂದು ಬರೆದು ಸಹಿ ಮಾಡಿ, ನೆರೆಯವರ ಹೇಳಿಕೆಯನ್ನೂ ಸೇರಿಸಿ ಕಳಿಸಬೇಕು.

ವಕೀಲರು ಕನ್ನಡಕ ಏರಿಸಿ ಕೇಳಿದರು, "ಕೀಲಿಕೈ ಯಾರ ಕಡೆ ಐತ್ರಿ ಡಾಕ್ಟರ್ ಬಾಯಾರ?"

"ಬಾಜೂ ಮನಿ ಗ್ವೆನ್ ಅಂತ, ಒಬ್ಬಾಕಿ ವಯಸ್ಸಾದಾಕಿ. ನಮ್ಮವರಿದ್ದಾಗಿಂದ ಪರಿಚಯ. ಆಕಿ ಕಡೆ ಕೊಟ್ಟ ಬಂದೇನ್ರಿ."

"ಹಂಗಾರ ಕೇಸ್ ಮುಗೀತ್ ಬಿಡ್ರಿ," ಎಂದು ವಕೀಲರು ಕುರ್ಚಿಗೆ ಒರಗಿದರು. "ಬ್ಯಾಸಗ್ಯಾಗ ಮಂದಿ ಸಮುದ್ರಾ ನೋಡಾಕ ಬರತಾರ. ಈಯಕ್ಕಗೋಳು ಮನಿ ತಗದು ಕೊಡತಾರ. ಬಾಡಿಗಿ ಆಕಿ ಕಿಸೆಕ್ಕ, ತೆರಿಗಿ ನಿಮ್ಮ ತಲಿಗೆ. ನಮ್ಮ ಯಾರ್ಡಿನ್ಯಾಗ ಇಂಥಾ ಪೈಕಿ ಬೇಕಾದಷ್ಟ ನೋಡೇನಿ. ಸವದತ್ತಿ ಅಡತಿಯವಗ ಒಬ್ಬಾಂವ ಗೋದಾಮಿನ ಕೀಲಿಕೈ ಕೊಟ್ಟ ಹೋಗಿದ್ದ. ಬಂದ ನೋಡತಾನ, ತನ್ನ ಬೆಲ್ಲದ ಮ್ಯಾಲ ಮಂದಿ ಹತ್ತಿ ಅಂಡಗಿ!"

ಶಾಂತಕ್ಕ ಗ್ವೆನ್ ಅಂಥವಳಲ್ಲ ಎಂದು ಎರಡು ಸಲ ಹೇಳಿದರು, ಎರಡನೇ ಸಲ ದನಿ ಸ್ವಲ್ಪ ತಗ್ಗಿತ್ತು.

ಅವರು ಹೋದ ಮೇಲೆ ವಕೀಲರು ನನಗೆ ಪಾಠ ಶುರು ಮಾಡಿದರು. ನಮ್ಮ ದೇಶದ ಕಾನೂನೂ ಇದಕ್ಕೇನು ಕಡಿಮೆಯಿಲ್ಲ ಎಂದರು. ಒಬ್ಬರಿಗೆ ಎರಡು ಮನೆಯಿದ್ದು, ಎರಡನ್ನೂ ತಮಗಾಗಿಯೇ ಇಟ್ಟುಕೊಂಡರೆ, ಒಂದನ್ನು ಮಾತ್ರ ಸರಕಾರ ಸುಮ್ಮನೆ ಬಿಡುತ್ತದೆ. ಇನ್ನೊಂದರಲ್ಲಿ ಬಾಡಿಗೆಯವರು ಇದ್ದಾರೆಂದೇ ಭಾವಿಸಿ, ಬಾರದ ಬಾಡಿಗೆಗೆ ತೆರಿಗೆ ಹಾಕುತ್ತದೆ. ಶಾಂತಕ್ಕ ಪರದೇಶದಿಂದ ತಿರುಗಿ ಬಂದವರಾದ್ದರಿಂದ ಇನ್ನೂ ಕೆಲವು ವರ್ಷ ಹೊರಗಿನ ಮನೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಆಮೇಲೆ ಅದೂ ಬರುತ್ತದೆ. ನಾನು ಬೆಪ್ಪಾಗಿ ಕೇಳುತ್ತ ನಿಂತಿದ್ದೆ. ಖಾಲಿ ಮನೆಯ ಕಿಟಕಿಯಲ್ಲಿ ಇಣುಕಿ ನೋಡಿ, ಅಲ್ಲಿ ಇಲ್ಲದ ಮನುಷ್ಯನೊಬ್ಬನನ್ನು ಕಲ್ಪಿಸಿ, ಅವನಿಂದ ಬಾಡಿಗೆ ಕೊಡಿಸಿ, ಅದರ ಮೇಲೆ ತೆರಿಗೆ ಎಣಿಸುವ ಸರಕಾರ! ಕಥೆ ಬರೆಯುವವರಿಗೂ ಇಷ್ಟು ಧೈರ್ಯ ಇರಲಿಕ್ಕಿಲ್ಲ ಅನ್ನಿಸಿತು. ತೆರಿಗೆಯ ಕೆಲಸವನ್ನೇ ಹೊಟ್ಟೆಪಾಡಿಗೆ ಹಿಡಿದದ್ದು ಆ ದಿನದ ಬೆರಗಿನಿಂದಲೇ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಒಂದೆರಡು ದಿನ ಶಾಂತಕ್ಕ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಉತ್ತರಕ್ಕೆ ಸಮಯ ಕೇಳಿ ನಾನು ಟೈಪು ಮಾಡಿದ ಕಾಗದಕ್ಕೆ ಸಹಿ ಹಾಕಿಸಲು ಹೋದಾಗ ರೋಗಿಗಳನ್ನು ಗದರಿಸುತ್ತಿದ್ದರು. ಮನೆಯನ್ನು ಮಾರಿಬಿಡುತ್ತೇನೆ, ಅತ್ತೆಯನ್ನು ಕರೆದುಕೊಂಡು ಹೋದಾಗ ಅದೇ ಕೊನೆ, ಅಲ್ಲೇ ಮಾರಾಟ ಮುಗಿಸಿ ಬರುತ್ತೇನೆ ಎಂದರು. ಮನೆಯ ಚಿಂತೆಗಿಂತ ಹೆಚ್ಚಾಗಿ ಗೆಳತಿಯ ಚಿಂತೆ ಅವರನ್ನು ಕೊರೆಯುತ್ತಿತ್ತು. ಗಂಡ ಸತ್ತ ರಾತ್ರಿ ಪಕ್ಕದಲ್ಲಿ ಕುಳಿತಿದ್ದವಳು ಅದೇ ಗ್ವೆನ್. ಅವಳೇ ಕೈಕೊಟ್ಟಳೆಂದರೆ ಹಿಂದಿನದೆಲ್ಲ ಏನಾಗಬೇಕು?

ನೀಲವ್ವನೇ ಕೊನೆಗೆ ದಾರಿ ತೋರಿಸಿದಳು. "ಹಿಂಗ ಒಳಗೊಳಗ ಬೇಯೂದಕ್ಕಿಂತ ಆಕಿನ್ನ ಕೇಳಬಾರದೇನ? ಬಾಯಿ ಇಲ್ಲೇನ ಆಕಿಗೆ?"

ಮನೆಯ ಫೋನಿನಿಂದ ಪರದೇಶಕ್ಕೆ ಮಾತಾಡುವ ಸೌಲಭ್ಯ ಇರಲಿಲ್ಲ. ಒಂದು ಮಧ್ಯಾಹ್ನ, ಅಲ್ಲಿ ಬೆಳಗಾಗಿರುತ್ತದೆಂದು ಲೆಕ್ಕ ಹಾಕಿ, ಬಸ್ ಸ್ಟ್ಯಾಂಡಿನ ಹತ್ತಿರದ ಫೋನ್ ಬೂತಿಗೆ ಹೊರಟೆವು. ಶಾಂತಕ್ಕ, ಗ್ವೆನ್ನಳ ಮಾತು ಬರೆದುಕೊಳ್ಳಲು ನಾನು, ಅಡ್ಡಸವಾಲಿಗೆಂದು ತಾವಾಗಿಯೇ ಬಂದ ವಕೀಲರು. ಬೇಡವೆಂದರೂ ಕೇಳದೆ ನೀಲವ್ವ. ಬೂತಿನ ಗಾಜಿನ ಗೂಡಿನಲ್ಲಿ ಒಬ್ಬರಿಗಷ್ಟೇ ಜಾಗ. ಶಾಂತಕ್ಕ ಒಳಗೆ ನಿಂತರು, ಬಾಗಿಲನ್ನು ತೆರೆದೇ ಇಟ್ಟು ನಾವು ಮೂವರೂ ಹೊರಗೆ ಒತ್ತಿಕೊಂಡು ನಿಂತೆವು. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು, ಆ ಸದ್ದಿನಲ್ಲಿ ಶಾಂತಕ್ಕ ಇಂಗ್ಲಿಷಿನಲ್ಲಿ ಒದರಬೇಕಾಯಿತು.

ಮೊದಲು ಹವೆಯ ಮಾತಾಯಿತು, ಮೊಣಕಾಲು ನೋವಿನ ಮಾತಾಯಿತು. ಬಿಲ್ಲಿನ ಕೆಂಪು ಅಂಕಿಗಳು ಓಡುವುದನ್ನು ನೋಡಿ ವಕೀಲರು ಕೈಸನ್ನೆ ಮಾಡತೊಡಗಿದರು. ಶಾಂತಕ್ಕ ಅಂತೂ ಕೇಳಿದರು, ಮನೆಯಲ್ಲಿ ಯಾರಿದ್ದಾರೆ ಗ್ವೆನ್? ಆಮೇಲೆ ಬಹಳ ಹೊತ್ತು ಬರೀ ಕೇಳಿಸಿಕೊಂಡರು. ನಾವು ಅವರ ಮುಖವನ್ನೇ ನೋಡುತ್ತಿದ್ದೆವು. ಮುಖ ಒಂದು ಕ್ಷಣ ಏನೂ ತಿಳಿಯದವರ ಹಾಗಾಯಿತು.

"ಏನಂತಾಳ?" ನೀಲವ್ವ ಕೇಳಿದಳು.

ಶಾಂತಕ್ಕ ರಿಸೀವರನ್ನು ಎದೆಗೆ ಒತ್ತಿಕೊಂಡು ನಮ್ಮ ಕಡೆ ತಿರುಗಿದರು. "ದೀಪಾ ಹಚ್ಚಾಕತ್ತಾಳಂತ್ರಿ ಅತ್ತಿ. ದಿನಾ. ನಾ ಬಂದಾಗಿಂದ ದಿನಾ ಸಂಜಿಕೆ."

ಅಲ್ಲಿಂದ ಹೊರಡುವ ದಿನ, ಕೀಲಿಕೈ ಕೊಡುವಾಗ, ಶಾಂತಕ್ಕ ಅತ್ತುಕೊಂಡು ಒಂದು ಮಾತು ಹೇಳಿದ್ದರಂತೆ. ನಮ್ಮ ಕಡೆ ಸಂಜೆ ಬಾಗಿಲು ತೆರೆದು ದೀಪ ಹಚ್ಚಿದ ಮನೆಯನ್ನು ಯಾರೂ ಖಾಲಿ ಎನ್ನುವುದಿಲ್ಲ, ನಿನಗೆ ನೆನಪಾದಾಗ ಒಂದು ದೀಪ ಹಚ್ಚು, ಎಂದು. ಹೇಳಿದ್ದು ಅವರಿಗೇ ಮರೆತುಹೋಗಿತ್ತು. ಆಕೆಗೆ ಮರೆತಿರಲಿಲ್ಲ. ಕಿಟಕಿಯ ಹತ್ತಿರ ಇದ್ದ ಹಿತ್ತಾಳೆಯ ದೀಪವನ್ನು ತಿಕ್ಕಿ, ಅಡುಗೆ ಎಣ್ಣೆ ಹಾಕಿ ಹಚ್ಚುತ್ತ ಬಂದಿದ್ದಳು. ಶಾಂತಕ್ಕ ಮಾಡುತ್ತಿದ್ದುದನ್ನು ಎಂದೋ ನೋಡಿದ್ದ ನೆನಪಿನ ಮೇಲೆ ಮೊದಲು ಹೊಸ್ತಿಲು ಗುಡಿಸಿ, ಆಮೇಲೆ ದೀಪ, ಆಮೇಲೆ ಬಾಗಿಲು. ಬೇಸಿಗೆಯಲ್ಲಿ ಅಲ್ಲಿ ಊಟ ಮುಗಿದು ಎಷ್ಟೋ ಹೊತ್ತಾದರೂ ಬೆಳಕು ಹೋಗುವುದಿಲ್ಲವಂತೆ, ಅದು ಇಳಿಯುವ ತನಕ ಕಾಯುತ್ತಾಳೆ. ಗಾಳಿಮಳೆಯಿದ್ದರೆ ಕೋಟು ಹಾಕಿಕೊಂಡು ಬರುತ್ತಾಳೆ. ಉರಿಯುವ ದೀಪವನ್ನು ಬಿಟ್ಟು ಹೋಗಬಾರದೆಂದು ಅದು ಶಾಂತವಾಗುವವರೆಗೆ ಅಲ್ಲೇ ಕುರ್ಚಿಯಲ್ಲಿ ಕುಳಿತು ಉಣ್ಣೆ ಹೆಣೆಯುತ್ತಾಳೆ. ಇದನ್ನು ಯಾಕೆ ತಿಳಿಸಲಿಲ್ಲ ಎಂದರೆ, ತಿಳಿಸುವಂಥದ್ದು ಏನಿತ್ತು, ನೀನು ಹೇಳಿದ್ದೆಯಲ್ಲ, ಎಂದಳಂತೆ.

ನಗರಸಭೆಯವನು ಬಂದದ್ದು ಹಾಗೆ ಅವಳು ಕುಳಿತಿದ್ದ ಹೊತ್ತಿನಲ್ಲೇ. ಈ ಮನೆ ಖಾಲಿಯೇ ಎಂದು ಕೇಳಿದ. ಇಲ್ಲ ಎಂದು ಹೇಳಿದಳು. ದೀಪ ಹಚ್ಚಿದ ಮನೆಯನ್ನು ಖಾಲಿ ಎನ್ನಬಾರದೆಂದು ಅವಳಿಗೆ ಕಲಿಸಿದವರು ನಾವೇ. ತೆರಿಗೆಯ ವಿಷಯ ಅವಳಿಗೆ ಹೊಳೆಯಲೇ ಇಲ್ಲ. ಈಗ ನಿನಗೆ ಬೇಕಾದ ಹಾಗೆ ಬರೆದುಕೊಡುತ್ತೇನೆ ಶಾಂತಾ, ಆದರೆ ನಗರಸಭೆಯ ಆ ಹುಡುಗನ ಮುಂದೆ ಹೋಗಿ ನಾನು ಅಂದು ಸುಳ್ಳು ಹೇಳಿದೆ ಎಂದು ಹೇಳಬೇಕಾಗುತ್ತದೆ, ಅದೊಂದು ಕಷ್ಟ, ಎಂದಳಂತೆ.

ನನ್ನ ಕೈಯಲ್ಲಿದ್ದ ಕಾಗದದ ಮೇಲೆ ಒಂದಕ್ಷರವೂ ಬಿದ್ದಿರಲಿಲ್ಲ. ಅಡ್ಡಸವಾಲಿನ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತಂದಿದ್ದ ವಕೀಲರು ಆ ಚೀಟಿಯನ್ನು ಸದ್ದಿಲ್ಲದೆ ಕಿಸೆಗೆ ಹಾಕಿಕೊಂಡು, ಮಳೆಯ ಕಡೆ ಮುಖ ಮಾಡಿ ನಿಂತರು. ಯಾವುದೋ ಸಮುದ್ರದ ದಂಡೆ, ಯಾವುದೋ ಭಾಷೆಯ ಮುದುಕಿ, ಬೈಲಹೊಂಗಲದ ಓಣಿಯಲ್ಲಿ ಹುಟ್ಟಿದ ಡಾಕ್ಟರರ ಹೆಸರಿನಲ್ಲಿ ಹೊಸ್ತಿಲು ಗುಡಿಸುತ್ತಿದ್ದಾಳೆ! ನಾನು ಆ ಸಮುದ್ರವನ್ನು ಕಂಡವಳಲ್ಲ, ಆ ಮನೆಯನ್ನು ಕಂಡವಳಲ್ಲ. ಆದರೆ ಆ ಗಳಿಗೆಯಲ್ಲಿ ಆ ಬಾಗಿಲು, ಅದರಾಚೆಯ ಕುರ್ಚಿ, ಹೆಣಿಗೆಯ ಕೈ ಎಲ್ಲ ಕಣ್ಣಿಗೆ ಕಟ್ಟಿದವು. ಲೋಕ ಇಷ್ಟು ದೊಡ್ಡದು, ಅದರಲ್ಲಿ ಮನುಷ್ಯರು ಹೀಗೂ ಇರುತ್ತಾರೆ ಎಂದು ತಿಳಿದು ನನಗೆ ಒಂಥರಾ ಹೆದರಿಕೆಯೇ ಆಯಿತು.

ನೀಲವ್ವ ಅಳಲಿಲ್ಲ. ಮನೆಗೆ ನಡೆದು ಬರುವಾಗ ಒಂದೇ ಒಂದು ಪ್ರಶ್ನೆ ಕೇಳಿದಳು. "ಆಕಿ ಹೆಸರೇನಂದಿ?"

"ಗ್ವೆನ್ ಅಂತ್ರಿ ಅತ್ತಿ."

"ಗೆನ್ನವ್ವ," ಎಂದಳು ನೀಲವ್ವ. ಆ ದಿನದಿಂದ ಅವಳು ಗೆನ್ನವ್ವನೇ ಆದಳು.

ಮಾತು ಇಲ್ಲಿಗೆ ಮುಗಿಯಬಹುದಿತ್ತು, ಆದರೆ ನಗರಸಭೆಗೆ ಉತ್ತರ ಕೊಡಬೇಕಲ್ಲ. ಮರುದಿನವೇ ವಕೀಲರು ಹೇಳಿಕೆ ತಯಾರು ಮಾಡಿದರು. ದೀಪ ಹಚ್ಚುವುದು ನಮ್ಮ ಪದ್ಧತಿ, ಅದರಿಂದ ಯಾರೋ ವಾಸವಿದ್ದಾರೆಂದು ಅರ್ಥವಲ್ಲ, ನೆರೆಯಾಕೆ ತಿಳಿಯದೆ ಹೇಳಿದ್ದಾಳೆ, ಸದರಿ ಮನೆ ಪೂರ್ತಿ ಖಾಲಿ ಇದೆ. ಶಾಂತಕ್ಕನ ಸಹಿ ಒಂದು, ಗ್ವೆನ್ನಳ ಹೇಳಿಕೆ ಒಂದು ಹೋದರೆ ರಿಯಾಯಿತಿ ತಿರುಗಿ ಬರುವುದು ಖಾತ್ರಿ. ಹೋಗದಿದ್ದರೆ ಹಿಂದಿನದ್ದು, ಮುಂದಿನದ್ದು ಎಲ್ಲ ಪೂರಾ ಕಟ್ಟಬೇಕು. ದೊಡ್ಡ ಊರಿನ ಮನೆ ಮಾರಿದ ದುಡ್ಡು ಅದರ ಸಾಲಕ್ಕೂ ದವಾಖಾನೆಗೂ ಕರಗಿತ್ತು, ಶಾಂತಕ್ಕನ ದವಾಖಾನೆಯಲ್ಲಿ ಅರ್ಧ ರೋಗಿಗಳು ಫೀಸಿನ ಬದಲು ಹೆಸರುಕಾಳು ಕೊಟ್ಟು ಹೋಗುವವರು. ವಿಮಾನದ ಟಿಕೀಟಿಗೆಂದು ತೆಗೆದಿಟ್ಟದ್ದೆಲ್ಲ ಆ ಬಾಕಿಗೇ ಹೋಗುತ್ತಿತ್ತು, ಮುಂದಿನ ವರ್ಷಗಳಲ್ಲೂ ಅಷ್ಟು ಕೂಡಿಸುವುದು ಆಗದ ಮಾತು. ಪೂರಾ ತೆರಿಗೆ ಎಂದರೆ ನೀಲವ್ವ ಮಗನ ಸಮಾಧಿ ನೋಡುವುದು ತಪ್ಪಿತು ಎಂದೇ ಅರ್ಥ.

ನಾಗರ ಪಂಚಮಿಯ ಮರುದಿನ ನಾನು, ವಕೀಲರು ಆ ಹೇಳಿಕೆಯನ್ನು ಹಿಡಿದು ಅವರ ಮನೆಗೆ ಹೋದೆವು. ಪಡಸಾಲೆಯಲ್ಲಿ ಕೂಡಿಸಿ ಜೋಳದ ಅಳ್ಳು, ತಂಬಿಟ್ಟು ಕೊಟ್ಟರು. ಶಾಂತಕ್ಕ ಓದದೆಯೇ ಪೆನ್ನು ತೆಗೆದರು. ಎದುರು ಗೋಡೆಗೆ ಒರಗಿ ಕುಳಿತಿದ್ದ ನೀಲವ್ವ ನನ್ನ ಕಡೆ ತಿರುಗಿದಳು.

"ಏನ್ ಬರದೈತಿ ತಂಗಿ ಅದರಾಗ? ಕನ್ನಡದಾಗ ಹೇಳು."

ನಾನು ಹೇಳಿದೆ. ಮನೆಯಲ್ಲಿ ಯಾರೂ ಇಲ್ಲ, ಮನೆ ಖಾಲಿ ಇದೆ ಎನ್ನುವ ಕಡೆ ಬಂದಾಗ ಆಕೆ ಕೈ ಎತ್ತಿದಳು.

"ಅದನ್ನ ಬರೀಬ್ಯಾಡ್ರಿ."

"ಅತ್ತಿ, ಇದು ಕಾಗದದ ಮಾತ್ರೀ," ಶಾಂತಕ್ಕ ಹೇಳಿದರು. "ದೀಪಾ ಏನ್ ನಿಂದ್ರೂದಿಲ್ಲ. ಹಚ್ಚೂದ್ ಹಚ್ಚತಾಳ ಆಕಿ. ಇಷ್ಟ ಬರಕೊಟ್ರ ನಿಮ್ಮನ್ನ ಕರಕೊಂಡ ಹೋಗಾಕ ಬರತೈತಿ."

"ಗೊತ್ತಾತ್ ನನಗ. ಕಿವಿ ಇನ್ನೂ ಛಲೋ ಅದಾವ."

"ಮತ್ತ? ನಿಮಗ ಮಾತ ಕೊಟ್ಟೇನ್ರಿ ನಾ. ಮಲ್ಲು ಇದ್ದಲ್ಲಿ ಕರಕೊಂಡ್ ಹೋಗತೇನಿ ಅಂದೇನಿ." ಶಾಂತಕ್ಕನ ದನಿ ಏರಿತು. ಸಿಟ್ಟೋ ಅಳುವೋ ತಿಳಿಯುವ ಹಾಗಿರಲಿಲ್ಲ. "ಅಷ್ಟೂ ವರ್ಷ ಅದೊಂದ ಕೇಳೀರಿ ನನ್ನ ಕಡೆ. ಅದನ್ನೂ ಕೊಡದಂಗ ಮಾಡತೀರೇನು?"

ನೀಲವ್ವ ಜಗಲಿಯ ಹತ್ತಿರದ ಮಣ್ಣಿನ ಗಂಟಿನ ಕಡೆ ನೋಡಿದಳು. ಹೊರಗೆ ದವಾಖಾನೆಯ ಕಟ್ಟೆಯ ಮೇಲೆ ಯಾವುದೋ ಕೂಸು ರಚ್ಚೆ ಹಿಡಿದಿತ್ತು.

"ನಾ ಹೋಗಿ ಒಂದ್ ಹಿಡಿ ಮಣ್ಣ ಹಾಕತೇನಿ. ನಾಕ್ ದಿನಾ ಇರತೇನಿ, ಬರತೇನಿ," ಎಂದಳು. "ಗೆನ್ನವ್ವ ದಿನಾ ಅಲ್ಲೇ ಕುಂದ್ರತಾಳಲ್ಲ. ಬಂದಾಂವ ಕೇಳಿದರ ಮನಿ ಖಾಲಿ ಇಲ್ಲ ಅಂದಾಳ. ನನ್ನ ಹಡದವ್ವನೂ ನನ್ನ ಮಗನ ಸಲುವಾಗಿ ಅಷ್ಟ ಗಟ್ಟ್ಯಾಗಿ ಹೇಳತಿದ್ದಿಲ್ಲ. ಆಕಿ ಮಾತ ಸುಳ್ಳ ಅಂತ ಬರಕೊಟ್ಟು, ಅದss ರೊಕ್ಕದಾಗ ಆಕಿ ಮುಂದ ಹೋಗಿ ಹೆಂಗ ನಿಂದ್ರಲಿ ನಾನು? ಮತ್ತ ಶಾಂತಾ, ಖಾಲಿ ಮನಿ ನೋಡಾಕ ಅಷ್ಟ ದೂರ ಯಾಕ ಹೋಗ್ಬೇಕು?"

ಶಾಂತಕ್ಕ ಪೆನ್ನನ್ನು ಕೆಳಗಿಟ್ಟರು. ಎದ್ದು ಹೋಗಿ ಅತ್ತೆಯ ಪಕ್ಕದಲ್ಲಿ ಕುಳಿತು, ಮೂವತ್ತು ವರ್ಷ ಪರದೇಶದಲ್ಲಿ ಮಂದಿಯ ಎದೆ ಬಡಿತ ಕೇಳಿದ ಆ ಹೆಂಗಸು, ಮುದುಕಿಯ ಹೆಗಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ನಾನು ತಂಬಿಟ್ಟಿನ ತಾಟು ಹಿಡಿದು ಎಲ್ಲಿ ನೋಡಬೇಕೋ ತಿಳಿಯದೆ ಕುಳಿತಿದ್ದೆ.

ಇಂಥ ಹೊತ್ತಿನಲ್ಲಿ ವಕೀಲರು ವಾದ ಹೂಡುತ್ತಾರೆಂದು ನನಗೆ ಖಾತ್ರಿಯಿತ್ತು. ಅವರು ಗಂಟಲು ಸರಿಮಾಡಿಕೊಂಡರು. "ಅಜ್ಜಿ, ಒಂದ ಮಾತು. ಯಾರೋ ಅದಾರ ಅಂತ ಬರದ್ರ ಅದೂ ಖೊಟ್ಟಿ ಆಗತೈತಿ, ಅದನ್ನ ನಾ ಬರ್ಯಾಂವಲ್ಲ. ಆದರ ರಿಯಾಯಿತಿ ಅನ್ನೂದು ನಾವ್ ಕೇಳಿದ್ರ ಕೊಡೂದು. ಕೇಳಲಿಲ್ಲಂದ್ರ ಯಾವ ಸರ್ಕಾರಾನೂ ಯಾಕ ಕೇಳಲಿಲ್ಲ ಅನ್ನೂದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, ನಮಗೆ ರಿಯಾಯಿತಿ ಬೇಡ, ಪೂರಾ ತೆರಿಗೆ ಕಟ್ಟುತ್ತೇವೆ ಎಂದು ಎರಡು ಸಾಲು ಟೈಪು ಮಾಡು ಎಂದರು. ತೆರಿಗೆ ಹೆಚ್ಚಿಗೆ ಕಟ್ಟಲು ಅರ್ಜಿ ಬರೆಸಿದ್ದು ಅವರ ಜನ್ಮದಲ್ಲೇ ಮೊದಲು.

ಅರಿವೆಯಲ್ಲಿ ಕಟ್ಟಿಟ್ಟ ಮಣ್ಣನ್ನು ನೀಲವ್ವ ಮರುವಾರ ಹೊಲಕ್ಕೆ ತಿರುಗಿ ಕಳಿಸಿದಳು. ಎಲ್ಲಿಂದ ತೆಗೆದಿತ್ತೋ ಅಲ್ಲೇ ಹಾಕಿ ಬಾ ಎಂದು ಆಳಿಗೆ ಹೇಳುವುದನ್ನು ನಾನೇ ಕೇಳಿದೆ. ಆ ಹೊತ್ತಿಗೆ ಮಾತ್ರ ಆಕೆಯ ದನಿ ಒಡೆಯಿತು. ತಕ್ಷಣ ಸೆರಗಿನಿಂದ ಮೂಗು ಒರೆಸಿಕೊಂಡು, ಕಾಲಿಗೆ ಎರೆಮಣ್ಣು ಮೆತ್ತಿಕೊಂಡು ಪಡಸಾಲೆಗೆ ಬಂದೆ ಎಂದು ನನ್ನನ್ನೇ ಬೈದಳು.

ಮಳೆ ಮುಗಿಯಿತು, ಹಿಂಗಾರಿ ಜೋಳ ಬಂತು, ಸುಗ್ಗಿಯೂ ಆಯಿತು. ಯುಗಾದಿಯ ಹೊತ್ತಿಗೆ, ಅಲ್ಲಿಯ ಹೊಸ ವರ್ಷದ ತೆರಿಗೆಯ ಕಾಗದ ಬಂತು. ನಾನು ಆಫೀಸಿನಲ್ಲಿ ಯಾರೋ ಬೆಲ್ಲದ ವ್ಯಾಪಾರಿಯ ಲೆಕ್ಕ ಕೂಡಿಸುತ್ತಿದ್ದೆ. ಬಾಗಿಲಲ್ಲಿ ನೀಲವ್ವ ನಿಂತಿದ್ದಳು. ಹೊಸ ಇಳಕಲ್ಲ ಸೀರೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಸಕ್ಕರೆ ತುಂಬಿದ ತಂಬಿಗೆ. ಹಿಂದೆ ಶಾಂತಕ್ಕ ನಗುತ್ತ, ಕಣ್ಣು ಒರೆಸಿಕೊಳ್ಳುತ್ತ ಬರುತ್ತಿದ್ದರು. ಓಣಿಯ ಮನೆಮನೆಗೂ ಹಂಚಿಕೊಂಡು, ಮೆಡಿಕಲ್ ಅಂಗಡಿಯವನಿಗೂ ಹೂವು ಮಾರುವವಳಿಗೂ ಕೊಟ್ಟು, ಆಕೆ ನಮ್ಮ ಆಫೀಸಿನವರೆಗೆ ಬಿಸಿಲಲ್ಲಿ ನಡೆದೇ ಬಂದಿದ್ದಳು.

ಶಾಂತಕ್ಕ ಕಾಗದವನ್ನು ವಕೀಲರ ಕೈಗೆ ಕೊಟ್ಟರು. ರಿಯಾಯಿತಿಯ ಸಾಲು ಅದರಲ್ಲಿ ಇರಲಿಲ್ಲ, ಪೂರಾ ತೆರಿಗೆ ಇತ್ತು. ವಕೀಲರು ಎರಡು ಸಲ ಓದಿದರು.

"ಅಜ್ಜಿ, ತೆರಿಗಿ ದುಪ್ಪಟ್ಟ ಆಗೇತಲ್ಲ," ಎಂದರು. "ನಾ ಇದರ ಸಲುವಾಗಿ ಅಳೂ ಮಂದಿನ್ನss ನೋಡೇನಿ. ಸಕ್ಕರಿ ಹಂಚೂವಂಥಾದ್ದು ಏನಾತ್ರಿ?"

ಎಂಥ ದೊಡ್ಡ ವ್ಯಾಪಾರಿ ಬಂದರೂ ಕುರ್ಚಿ ಬಿಟ್ಟು ಏಳದ ಪಟ್ಟಣಶೆಟ್ಟಿ ವಕೀಲರು, ಆಕೆ ತಂಬಿಗೆಗೆ ಕೈ ಹಾಕಿದ್ದನ್ನು ಕಂಡು ಎದ್ದು ನಿಂತು, ಎರಡೂ ಅಂಗೈ ಜೋಡಿಸಿ ಚಾಚಿದರು. ನೀಲವ್ವ ಅದರ ತುಂಬ ಸಕ್ಕರೆ ಸುರಿದಳು.

"ತೆರಿಗಿ ಅರ್ಧಾ ಇದ್ದಾಗ ಅವರ ಲೆಕ್ಕದಾಗ ಆ ಮನ್ಯಾಗ ನನ್ನ ಮಗಾ ಇದ್ದಿಲ್ಲೋ ಯಪ್ಪಾ," ಎಂದಳು. "ಈಗ ಪೂರಾ ಐತಿ."